ಹೈಕಾನುಷ್ ಆರಿಸಿದ ಹಬ್ಬದ ಬೆಂಕಿ

ವರ್ದೆನಿಸ್ ಊರಿನ ಶಿಶುವಿಹಾರದಲ್ಲಿ ಹೈಕಾನುಷಳ ಕೈಕೆಳಗೆ ಕಲಿತ ಮಕ್ಕಳು ಸೀನಿದರೂ ಅರ್ಮೇನಿಯನ್ ಅಕ್ಷರಮಾಲೆಯ ಕ್ರಮದಲ್ಲೇ ಸೀನುತ್ತಾರೆಂದು ಊರವರ ಹೆಮ್ಮೆ. ಹಬ್ಬಗಳನ್ನು ಆಕೆ ಚಿತ್ರ ತೋರಿಸಿ ಕಲಿಸಿದವಳಲ್ಲ. ಕೈಗೆ ಹಿಟ್ಟು ಮೆತ್ತಬೇಕು, ಮೂಗಿಗೆ ಹೊಗೆ ಅಡರಬೇಕು.

ಆ ಫೆಬ್ರವರಿಯಲ್ಲಿ ಉರಿಯುವ ಬೆಂಕಿಯ ಮೇಲೆ ಹಾರಿ ದಾಟುವ ಹಬ್ಬ ಬಂದಾಗ ಅವಳಿಗಿದ್ದದ್ದು ಒಂದೇ ಚಿಂತೆ: ನಝೇಲಿ. ಯುದ್ಧ ಮುಗಿದ ಮೇಲೆ ಗುಡ್ಡದಾಚೆಯ ಊರು ಬಿಟ್ಟು ಬಂದ ಆ ಪುಟ್ಟ ಹುಡುಗಿ ಯಾರೊಂದಿಗೂ ಆಡುತ್ತಿರಲಿಲ್ಲ. ಹಬ್ಬದ ದಿನವಾದರೂ ಅವಳು ಉಳಿದ ಮಕ್ಕಳೊಂದಿಗೆ ಬೆರೆಯಲೆಂದು, ಬೆಂಕಿ ಹಚ್ಚುವ ಗೌರವವನ್ನು ಹೈಕಾನುಷ್ ಅವಳ ಅಪ್ಪ ಅರ್ಮೇನಾಕನಿಗೇ ಕೊಟ್ಟಳು.

"ಹೊಸ ಮದುಮಗ ಹಚ್ಬೇಕಾದ್ದಲ್ವೇನೇ? ಇವನ ತಲೆ ಆಗ್ಲೇ ಅರ್ಧ ಬೆಳ್ಳಗಾಗಿದೆ," ಎಂದು ಅಡುಗೆಯ ವರ್ಸಿಕ್ ಗೊಣಗಿದಳು.

"ನಿನ್ನ ಗಂಡಂಗೆ ಬೆಳ್ಳಗಾಗೋಕೆ ಒಂದು ಕೂದಲಾದ್ರೂ ಉಳಿದಿದ್ಯಾ? ಸುಮ್ನೆ ಗೋಧಿ ಹುರಿ."

ಅರ್ಮೇನಾಕ್ ಕಡ್ಡಿಪೆಟ್ಟಿಗೆ ಹಿಡಿದು ನಿಂತೇ ಇದ್ದ. "ಬೇರೆ ಯಾರಾದ್ರೂ ಹಚ್ಲಿ ಟೀಚರಮ್ಮ."

"ಸಂಕೋಚ ಯಾಕಪ್ಪ? ಮಗಳು ನೋಡ್ಲಿ."

ಕಡ್ಡಿ ಗೀರಿದ. ಅಂಗಳದಲ್ಲಿ ಒಟ್ಟಿದ್ದ ಹುಲ್ಲು ಭಗ್ಗೆಂದಿತು.

"ಅಪ್ಪಾ, ಈ ಮನೇನೂ ಬೇಡ!" ಎಂದು ಚೀರಿದ ನಝೇಲಿ ಒಳಗೋಡಿ ಬೆಂಚಿನಡಿ ನುಸುಳಿದಳು.

ಅರ್ಮೇನಾಕ್ ನೆಲ ನೋಡುತ್ತ ಹೇಳಿದ: "ಬಿಟ್ಟು ಬರೋವಾಗ ನಮ್ಮನೆಗೆ ನಾನೇ ಬೆಂಕಿ ಇಟ್ಟೆ. ಬೇರೆಯವರ ಪಾಲಾಗೋದು ಬೇಡ ಅಂತ. ಇವ್ಳು ಲಾರೀಲಿ ಕೂತು ನೋಡ್ತಿದ್ಲು."

ಹೈಕಾನುಷ್ ಬಕೆಟ್ ನೀರೆತ್ತಿ ಸುರಿದೇಬಿಟ್ಟಳು.

ವರ್ಸಿಕ್ ಶಿಲುಬೆಯ ಗುರುತು ಮಾಡಿಕೊಂಡಳು. "ಅಯ್ಯಯ್ಯೋ! ಇದು ತಾನಾಗೇ ಆರ್ಬೇಕು ಕಣೇ. ವರ್ಷವೆಲ್ಲ ಕೇಡು."

"ಬೇಸಿಗೇಲಿ ಬರೋ ನೀರೆರಚೋ ಹಬ್ಬ ಈ ಸಲ ಮೊದ್ಲೇ ಬಂತು ಅಂದ್ಕೋ," ಎಂದಳು ಹೈಕಾನುಷ್.

ಹುರಿದ ಗೋಧಿ ಹಿಡಿದು ಅವಳೂ ಬೆಂಚಿನಡಿ ತೂರಿದಳು. ಮುದಿ ಮಂಡಿ ಲಟಲಟನೆಂದ ಸದ್ದು ಯೆರೆವಾನಿನವರೆಗೂ ಕೇಳಿಸಿರಬೇಕು.

"ಆರಿತಾ ಅಜ್ಜಿ?"

"ಆರಿತು ಕಂದಾ."

"ನೋಡ್ಕೊಂಡ್ ಬಾ."

ಹೋಗಿ ನೋಡಿ ಬಂದಳು. ಗೋಧಿ ಅಗಿಯುತ್ತಲೇ ಹುಡುಗಿ ಮತ್ತೆ ಅಟ್ಟಿದಳು. ಕೊನೆಗೆ ತಾನೇ ಎದ್ದು, ಹಲ್ಲುಜ್ಜುವ ಲೋಟದಲ್ಲಿ ನೀರು ತಂದು ಒದ್ದೆ ಬೂದಿಯ ಮೇಲೆ ಸುರಿದಳು. ಖಾಲಿ ಲೋಟವನ್ನು ಹೈಕಾನುಷಳತ್ತ ಚಾಚಿದಳು. ಆಕೆ ತುಂಬಿಕೊಟ್ಟಳು.

ಬೂದಿ ಕೆಸರಾಯಿತು, ಕೆಸರು ಮಂಜುಗಡ್ಡೆಯಾಯಿತು. ಅಪ್ಪ ಗೇಟಿನ ಬಳಿಯೇ ನಿಂತಿದ್ದ, ಹತ್ತಿರ ಬರುವ ಧೈರ್ಯವಿಲ್ಲದೆ. ಹುಡುಗಿ ಮತ್ತೆ ಹೈಕಾನುಷಳತ್ತಲೇ ಲೋಟ ಚಾಚಿದಳು.