ಅಪ್ಪ ಹತ್ತದ ಸೈಕಲ್ಲು

ನಿನ್ನೆ ಎರ್ನಾಕುಳಂನ ವೈಟ್ಟಿಲದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೊಟ್ಟಂಚುಕ್ಕಾದಿ ಎಣ್ಣೆಯ ವಾಸನೆ ತುಂಬಿತ್ತು. ಕೀಲುನೋವಿಗೆ ಇಲ್ಲಿಯವರು ಹಚ್ಚುವ ಎಣ್ಣೆ ಅದು. ಹಚ್ಚಿಕೊಂಡವರು ಯಾವಾಗಲೋ ಇಳಿದು ಹೋಗಿದ್ದರು, ವಾಸನೆ ಮಾತ್ರ ಇಳಿದಿರಲಿಲ್ಲ. ನಾನೂ ಇಳಿಯಲಿಲ್ಲ. ಐದನೆಯ ಮಹಡಿಯವನು ಒಂಬತ್ತಕ್ಕೆ ಹೋಗಿ, ಮತ್ತೆ ಕೆಳಗೆ ಬಂದು, ಕಾವಲುಗಾರನ ಮುಖ ನೋಡಿ ನಾಚಿಕೊಂಡು ಇನ್ನೊಮ್ಮೆ ಮೇಲಕ್ಕೆ ಹೋದೆ. ವಯಸ್ಸಾದವರಿಗೆ ಇದೊಂದು ಅನುಕೂಲ: ಏನು ಮಾಡಿದರೂ ಮರೆವು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಏನೂ ಮರೆತಿರಲಿಲ್ಲ, ಎಲ್ಲ ನೆನಪಾಗಿತ್ತು.

ಅರವತ್ತರ ದಶಕದಲ್ಲಿ ನಾವು ಎರ್ನಾಕುಳಂನಲ್ಲಿದ್ದೆವು. ಅಪ್ಪ ಮೈಸೂರು ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ವರ್ಗವಾಗಿ ಬಂದವರು. ಕಚೇರಿ ನೀರಿನಾಚೆ ದ್ವೀಪದಲ್ಲಿ. ದಿನಾ ದೋಣಿ ಹಿಡಿದು ಹೋಗಬೇಕು. ಅವರ ಬೆನ್ನು ಸೊಂಟದಿಂದ ಮುಂದಕ್ಕೆ ಬಾಗಿತ್ತು. ಕತ್ತು ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ದೊಡ್ಡ ದೋಣಿ ದಿಕ್ಕು ಬದಲಿಸುವ ಹಾಗೆ ಇಡೀ ಮೈಯನ್ನೇ ನಿಧಾನವಾಗಿ ತಿರುಗಿಸುತ್ತಿದ್ದರು. ಪಕ್ಕದ ಮನೆಯವರಿಗೆ ಅದೊಂದು ಗಾಂಭೀರ್ಯವಾಗಿ ಕಾಣುತ್ತಿತ್ತು. "ಸ್ವಾಮಿ ನೋಡಿದರೆ ಪೂರ್ತಿ ನೋಡುತ್ತಾರೆ" ಎಂದು ಮಲಯಾಳದಲ್ಲಿ ಹೊಗಳುತ್ತಿದ್ದರು.

ಬೆನ್ನು ಬಾಗಿದ್ದಕ್ಕೆ ನಮ್ಮ ಮನೆಯಲ್ಲಿ ಒಂದು ಕಥೆಯಿತ್ತು. ಹರೆಯದಲ್ಲಿ ಅಪ್ಪ ಸೈಕಲ್ಲಿನಿಂದ ಬಿದ್ದಿದ್ದರಂತೆ. ಒಂದು ಸಲ ಕೇಳಿದರೆ ನಂಜನಗೂಡಿನ ದಾರಿ, ಇನ್ನೊಂದು ಸಲ ಶ್ರೀರಂಗಪಟ್ಟಣದ ಸೇತುವೆ; ಅಡ್ಡ ಬಂದದ್ದು ಮಾತ್ರ ಯಾವಾಗಲೂ ಎಮ್ಮೆ. ಎಮ್ಮೆಗೆ ಬೆದರಿ ಬಿದ್ದ ಅಪ್ಪ ನನ್ನ ಮರ್ಯಾದೆಗೆ ಸಾಲದಾಗಿ, ಶಾಲೆಯಲ್ಲಿ ನಾನು ಅದನ್ನು ಆನೆ ಮಾಡಿದೆ. ಕೇರಳದ ಹುಡುಗರು ಆನೆಯನ್ನು ಸುಲಭವಾಗಿ ನಂಬುತ್ತಾರೆ.

ಅಪ್ಪನ ಬೆಳಗುಗಳು ನನಗೆ ಕನಸಿನಲ್ಲಿ ಕಂಡಂತೆ ನೆನಪಿವೆ. ಸೊಳ್ಳೆಪರದೆಯೊಳಗೆ ಅರೆನಿದ್ದೆಯಲ್ಲಿರುತ್ತಿದ್ದೆ. ಹಿನ್ನೀರಿನ ಕಡೆಯ ಕಿಟಕಿಯಿಂದ ಬೂದು ಬೆಳಕು ಬರುತ್ತಿತ್ತು. ಅಪ್ಪ ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತು, ಒಂದೊಂದೇ ಉಸಿರಿಗೆ ಒಂದೊಂದು ಅಂಗುಲ ಮೇಲೇಳುತ್ತಿದ್ದರು. ದೂರದಲ್ಲಿ ದೋಣಿಯ ಸಿಳ್ಳೆ ಕೇಳುತ್ತಿತ್ತು. ಅವರು ಬಾಗಿಲಿನ ಅಳತೆ ತೆಗೆಯುತ್ತಿದ್ದಾರೆ ಅಂದುಕೊಂಡು ನಾನು ಮತ್ತೆ ನಿದ್ದೆಗೆ ಜಾರುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಹೋದೆ. ಅಲ್ಲಿಯ ಬಾಡಿಗೆ ಕೋಣೆಯಲ್ಲಿ ಒಂದು ಬೆಳಿಗ್ಗೆ ಏಳಲು ಹೋದರೆ ಏಳಲಾಗಲಿಲ್ಲ. ಸೊಂಟದ ಕೆಳಗೆ ಯಾರೋ ಹಲಗೆ ಕಟ್ಟಿದ ಹಾಗೆ. ಮಗ್ಗುಲಿಗೆ ಉರುಳಿ, ಕಿಟಕಿಯ ಸರಳು ಹಿಡಿದು ಎದ್ದೆ. ಓಡಾಡುತ್ತ ಹತ್ತು ಗಂಟೆಯ ಹೊತ್ತಿಗೆ ಸರಿಹೋಯಿತು. ಮರುದಿನವೂ ಹಾಗೇ, ಮರುತಿಂಗಳೂ ಹಾಗೇ. ಮನೆಯ ಒಡತಿ ಅಮ್ಮಚ್ಚಿ ಎಣ್ಣೆಯ ಸೀಸೆ ಕೊಟ್ಟರು. ನಾನು ಕೌಂಟರಿನಲ್ಲಿ ಕೂತರೆ ಗಿರಾಕಿಗಳು ಮೂಗೆಳೆದುಕೊಂಡು "ಯಾರಿಗೆ ವಾತ?" ಎಂದು ಕೇಳುತ್ತಿದ್ದರು. ಭಾನುವಾರ ವಿಳಿಂಜಂಗೆ ಹೋಗಿ ಕೂರುತ್ತಿದ್ದೆ. ಬೇರೆಯವರು ಸಮುದ್ರ ನೋಡುತ್ತಿದ್ದರೆ, ನಾನು ಬಲೆ ಎಳೆಯುವವರ ಬೆನ್ನು ನೋಡುತ್ತಿದ್ದೆ. ಎಷ್ಟು ಸರಾಗವಾಗಿ ಬಗ್ಗಿ ಏಳುತ್ತಿದ್ದವು ಆ ಬೆನ್ನುಗಳು!

ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಹೋದೆ. ಕನ್ನಡಕದ ವೃದ್ಧರು, ಎಲ್ಲರನ್ನೂ 'ಮೋನೆ', ಅಂದರೆ ಮಗನೇ, ಎನ್ನುವವರು.

"ಮನೆಯಲ್ಲಿ ಯಾರಿಗಾದರೂ ಹೀಗಿದೆಯೇ, ಮೋನೆ?"

"ಇಲ್ಲ. ಅಪ್ಪನ ಬೆನ್ನು ಬಾಗಿದೆ, ಆದರೆ ಅದು ಸೈಕಲ್ಲಿನಿಂದ ಬಿದ್ದದ್ದು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅಪ್ಪನನ್ನು ಕರೆದುಕೊಂಡು ಬಾ."

ಕಾಗದ ಬರೆದೆ. ಮಾರನೆಯ ವಾರವೇ ಅಪ್ಪ ರೈಲಿನಲ್ಲಿ ಬಂದಿಳಿದರು. ಡಾಕ್ಟರು ಅವರ ಎಕ್ಸ್-ರೇ ತೆಗೆಸಿ, ನನ್ನದನ್ನೂ ಅದರ ಪಕ್ಕಕ್ಕಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಅಪ್ಪನ ಬೆನ್ನುಮೂಳೆಯ ಗೆಣ್ಣುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಬಿದಿರಿನ ಗಳದ ಹಾಗೆ ಕಾಣುತ್ತಿದ್ದವು. ನನ್ನದರಲ್ಲಿ ಸೊಂಟದ ಕೀಲುಗಳ ಹತ್ತಿರ ಸ್ವಲ್ಪ ಮಂಜು ಕವಿದಿತ್ತು, ಅಷ್ಟೇ. ಹಿಂದಿನಿಂದ ತೆಂಗಿನ ಗರಿಗಳ ನೆರಳು ಎರಡರ ಮೇಲೂ ಆಡುತ್ತಿತ್ತು. ನನಗೆ ಭಯವಾಗಬೇಕಿತ್ತು, ಬದಲಿಗೆ, ಅಪ್ಪನ ಒಳಗು ಎಷ್ಟು ಚೆಂದ ಅನ್ನಿಸಿತು.

"ಸೈಕಲ್ಲಿನಿಂದ ಬಿದ್ದರೆ ಹೀಗಾಗುವುದಿಲ್ಲ" ಎಂದರು ಡಾಕ್ಟರು.

ಅಪ್ಪ ತಮ್ಮ ಇಡೀ ಮೈಯನ್ನು ನನ್ನ ಕಡೆ ತಿರುಗಿಸಿದರು. ಡಾಕ್ಟರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ತೀರಾ ಮೆಲ್ಲಗೆ ಹೇಳಿದರು: "ನಂಗೆ ಸೈಕಲ್ ಹೊಡೆಯೋಕೇ ಬರಲ್ಲ ಕಣೋ."

"ಏನಂತೆ?" ಡಾಕ್ಟರು ಕೇಳಿದರು.

"ಅವರಿಗೆ ಸೈಕಲ್ ಬರುವುದಿಲ್ಲವಂತೆ" ಎಂದೆ. ನನ್ನ ಆನೆಯೂ ಆ ಕ್ಷಣವೇ ಸತ್ತುಹೋಯಿತು.

ಆಮೇಲೆ ಒಂದೊಂದಾಗಿ ಹೊರಬಂತು. ತಾತನಿಗೂ ಹೀಗೇ ಇತ್ತಂತೆ. ಅಪ್ಪನಿಗೆ ಮದುವೆಯ ಮಾತು ಬಂದಾಗ, ವಂಶದಲ್ಲಿರುವ ಕಾಯಿಲೆ ಅಂದರೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು ಹೆದರಿ ತಾತನೇ ಸೈಕಲ್ಲನ್ನು ಹುಟ್ಟಿಸಿದರಂತೆ.

ಡಾಕ್ಟರು ಕೇಳಿ ನಗಲಿಲ್ಲ. ಹೇಳಿದರು: "ಕೆಲವು ವರ್ಷಗಳ ಹಿಂದೆ ಹೊರದೇಶದ ವೈದ್ಯರು ಇದರ ಜಾಡು ಹಿಡಿದಿದ್ದಾರೆ. ರಕ್ತದ ಬಿಳಿ ಕಣಗಳ ಮೈಮೇಲೆ ಒಂದು ಗುರುತು. ತಂದೆತಾಯಿಯಿಂದ ಬರುವಂಥದ್ದು. ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಅದು ಇರುತ್ತದೆ. ಮೈ ಕಾಯಬೇಕಾದ ಪಡೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಯಾಕೆಂದು ಇನ್ನೂ ಗೊತ್ತಿಲ್ಲ. ಆದರೆ ಗುರುತಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಹಳ ಜನ ಏನೂ ಆಗದೆ ಬದುಕುತ್ತಾರೆ. ಆ ಪರೀಕ್ಷೆ ಇಲ್ಲಿಲ್ಲ. ಈ ಎರಡು ಚಿತ್ರ ನನಗೆ ಸಾಕು." ನನಗೆ ಮಾತ್ರೆ ಬರೆದು, ದಿನಾ ಈಜು, ಮೈ ನೆಟ್ಟಗಿಡುವ ಕಸರತ್ತು ಹೇಳಿದರು. "ನಿಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ. ನೀನು ಮಾಡು."

ಸಂಜೆ ವಿಳಿಂಜಂನಲ್ಲಿ ಕೂತಿದ್ದೆವು. ಕಡಲು, ಆಕಾಶ ಎರಡೂ ಒಂದೇ ಬಣ್ಣಕ್ಕೆ ತಿರುಗಿ, ದೋಣಿಗಳು ಯಾವುದರಲ್ಲಿ ತೇಲುತ್ತಿವೆ ಎಂದು ತಿಳಿಯುತ್ತಿರಲಿಲ್ಲ.

"ನಿಂಗೆ ನಾನು ಕೊಟ್ಟಿದ್ದು ಇದನ್ನೇನೋ?" ಎಂದರು ಅಪ್ಪ.

"ನಿಮಗೂ ಯಾರೋ ಕೊಟ್ಟಿದ್ದೇ ಅಲ್ವಾ ಅಪ್ಪ" ಎಂದೆ. ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟರು. ಹಾಗೆ ಮುಟ್ಟಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಆ ದಿನಗಳಲ್ಲಿ ನನಗೊಂದು ಸಂಬಂಧ ಕೂಡಿಬಂದಿತ್ತು. ಹುಡುಗಿಯ ತಂದೆ ಹಾಸನದವರು, ಎಡಪ್ಪಳ್ಳಿಯಲ್ಲಿ ಮನೆ. ಜಾತಕ ಹೊಂದಿತ್ತು, ಮಾತುಕತೆಯಷ್ಟೇ ಬಾಕಿ. ಏನೂ ಹೇಳದಿದ್ದರೆ ಏನೂ ಕಾಣುವಂತಿರಲಿಲ್ಲ. ನಾನಿನ್ನೂ ನೆಟ್ಟಗೇ ಇದ್ದೆ. ಅವರ ಮನೆಯಲ್ಲಿ ಕೂತು, ಹೇಳಲೋ ಬೇಡವೋ ಎಂದು ನಾನು ತೂಗುತ್ತಿರುವಾಗಲೇ, ಅಪ್ಪ ಕಾಫಿ ಲೋಟ ಕೆಳಗಿಟ್ಟು ಶುರುಮಾಡಿದರು. "ನೋಡಿ, ನನ್ನ ಬೆನ್ನು ಹೀಗಿರೋದು ಬಿದ್ದಿದ್ದಕ್ಕಲ್ಲ. ನಮ್ಮಪ್ಪಂಗೆ ಇತ್ತು, ನಂಗೆ ಬಂತು, ಇವನಿಗೂ ಶುರುವಾಗಿದೆ. ಯೋಚನೆ ಮಾಡಿ ಹೇಳಿ."

ವಾರದ ಮೇಲೆ, ನಾನಿನ್ನೂ ರಜೆಯಲ್ಲಿ ಎರ್ನಾಕುಳಂನಲ್ಲಿದ್ದಾಗ, ಕಾಗದ ಬಂತು. ಹೊಂದಿದ್ದ ಜಾತಕ ಈಗ ಹೊಂದುತ್ತಿಲ್ಲವಂತೆ. ನನಗೆ ಅವಮಾನವಾಯಿತು, ಸುಳ್ಳೇಕೆ. ಎರಡು ದಿನ ಅಪ್ಪನ ಮುಖ ನೋಡಲಿಲ್ಲ. ಆದರೆ ಅಪ್ಪ ಆ ಕಾಗದ ಓದಿದ ರಾತ್ರಿ, ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಮೂವತ್ತು ವರ್ಷದ ಸುಳ್ಳನ್ನು ಒಪ್ಪಿಕೊಂಡರು. ಅಮ್ಮ ಹುರುಳಿಕಾಯಿ ಸೋಸುತ್ತಲೇ ಇದ್ದಳು.

"ಗೊತ್ತು" ಎಂದಳು. "ಮದುವೆಯಾದ ವರ್ಷವೇ ನಿಮ್ಮಮ್ಮ ಹೇಳಿದ್ರು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನೀವು ಅಷ್ಟು ಚೆನ್ನಾಗಿ ಎಮ್ಮೆ ಕಥೆ ಹೇಳ್ತಿದ್ರಿ."

ಅಪ್ಪ ನಕ್ಕದ್ದು ನೋಡಬೇಕಿತ್ತು. ಬಾಗಿದ ಮೈ ಅಲುಗುತ್ತಿತ್ತು, ಕಣ್ಣಿನಲ್ಲಿ ನೀರು.

ಎರಡು ವರ್ಷದ ಮೇಲೆ ಇನ್ನೊಂದು ಮನೆಯಲ್ಲಿ ಕಾಫಿ ಕುಡಿದೆವು. ಈ ಸಲ ಹೇಳಿದವನು ನಾನು. ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ಬೆಳಿಗ್ಗೆ ಎಷ್ಟು ಹೊತ್ತು ಹಾಗಿರುತ್ತೆ?" ಒಂದು ಗಂಟೆ ಎಂದೆ. "ಒಳ್ಳೇದಾಯ್ತು, ನಾನೂ ಬೇಗ ಏಳೋಳಲ್ಲ." ಆ ಮನೆಯ ಜಾತಕ ಕೊನೆಯವರೆಗೂ ಹೊಂದಿತು.

ಈಜಿದೆ, ಕಸರತ್ತು ಮಾಡಿದೆ, ಸೋಮಾರಿಯಾಗಿ ಬಿಟ್ಟೂ ಬಿಟ್ಟೆ. ಕತ್ತು ಈಗ ಪೂರ್ತಿ ತಿರುಗುವುದಿಲ್ಲ, ಆದರೆ ಬೆನ್ನು ಅಪ್ಪನಷ್ಟು ಬಾಗಲಿಲ್ಲ.

ಲಿಫ್ಟು ಕೊನೆಗೂ ನನ್ನನ್ನು ಐದನೆಯ ಮಹಡಿಗೆ ಇಳಿಸಿದಾಗ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ನೋಯುತ್ತಿತ್ತು. ನಮ್ಮ ಕಾಯಿಲೆ ಕೆಲವರಲ್ಲಿ ಕಣ್ಣಿನಲ್ಲೂ ಕಾಣಿಸಿಕೊಳ್ಳುತ್ತದೆ; ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಆಸ್ಪತ್ರೆಯ ಹಜಾರದಲ್ಲಿ, ಇಪ್ಪತ್ತು ಜನರ ನಡುವೆ, ನರ್ಸು ಕಾಗದ ಹಿಡಿದು ಕೇಳಿದಳು, ಮನೆಯಲ್ಲಿ ಯಾರಿಗಾದರೂ ಕೀಲಿನ ಕಾಯಿಲೆ ಇದೆಯಾ ಎಂದು. ನಾನು ಅಭ್ಯಾಸದಂತೆ ಕೆಳಗೆ ನೋಡಿದೆ.

"ಇದೆ" ಎಂದಳು ಮಗಳು, ತನ್ನ ಸೊಗಸಾದ ಮಲಯಾಳದಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಮುತ್ತಜ್ಜನಿಗೆ, ಅಜ್ಜನಿಗೆ, ಇಗೋ ಇವರಿಗೆ. ಬಹುಶಃ ಈಗ ನನಗೆ." ಯಾವ ಊರಿನವರು ಎಂದು ಕೇಳಿದರೆ ಹೇಳುವಷ್ಟೇ ಸಹಜವಾಗಿತ್ತು ಅವಳ ದನಿ. ನರ್ಸು ಬರೆದುಕೊಂಡಳು. ಯಾರೂ ತಿರುಗಿ ನೋಡಲಿಲ್ಲ. ನಾನೊಬ್ಬನೇ ಇಡೀ ಮೈಯನ್ನು ಅವಳ ಕಡೆ ತಿರುಗಿಸಿ, ಪೂರ್ತಿ ನೋಡಿದೆ.