ವಸಂತ ಕಾಕಾರ ನೇರ ಗೆರೆ

ಯಾರಾದರೂ ಹೊಸ ಫೋನು ತೋರಿಸಿದರೆ ವಸಂತ ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಎಷ್ಟ ಜಾಗಾ ಹಾಳ ಮಾಡ್ಯಾರೋ" ಎಂದು ಮರಳಿಸುತ್ತಿದ್ದರು. ಪರೇಲಿನ ಟೀವಿ ರಿಪೇರಿ ಅಂಗಡಿಯಲ್ಲಿ ಆಯುಷ್ಯ ಕಳೆದ ಧಾರವಾಡದ ಮನುಷ್ಯ. ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ನಮ್ಮ ಎದುರು ಮನೆಯವರು. ನಲವತ್ತು ವರ್ಷ ಹಳೆಯ ಕಂಪ್ಯೂಟರೊಂದನ್ನು ಟೀವಿಗೆ ಜೋಡಿಸಿ, ಅದಕ್ಕೊಂದು ಚಿತ್ರ ಬಿಡಿಸುವ ಪ್ರೋಗ್ರಾಮನ್ನು ತಾವೇ ಬರೆದಿದ್ದರು. ಇವತ್ತಿನ ಫೋನಿನ ಒಂದು ಫೋಟೋ ಸಹ ಅದರ ಮೆಮೊರಿಯಲ್ಲಿ ಹಿಡಿಸದು. ಆ ಇಕ್ಕಟ್ಟಿನಲ್ಲಿ ಸಂಸಾರ ಮಾಡುವುದೇ ಅವರಿಗೆ ಖುಷಿ.

ಅದರಲ್ಲಿ ಚಿತ್ರ ಬಿಡಿಸುತ್ತಿದ್ದವರು ಅವರ ಹೆಂಡತಿ ನಲಿನಿ ಕಾಕು. ಬಾಗಿಲ ಮುಂದೆ ಹಾಕುವ ಚುಕ್ಕಿ ರಂಗೋಲಿಯನ್ನು ಮೊದಲು ಜಾಯ್‌ಸ್ಟಿಕ್ ಹಿಡಿದು ಪರದೆಯ ಮೇಲೆ ಹಾಕಿ ನೋಡುತ್ತಿದ್ದರು. ಮೂರು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು. ನೆಲದ ಮೇಲಿನ ರಂಗೋಲಿ ನಿಂತಿತು, ಪರದೆಯ ಮೇಲಿನ ಗೆರೆ ಸೊಟ್ಟಾಯಿತು. ಕಾಕು ಸೊಟ್ಟ ಗೆರೆಯಲ್ಲೇ ಮುಂದುವರಿಸುತ್ತಿದ್ದರೇನೋ. ಕಾಕಾ ಬಿಡಲಿಲ್ಲ. "ನೀ ಸ್ವಲ್ಪ ತಡಿ. ಕೈ ನಡುಗಿದ್ರೂ ಗೆರಿ ನೆಟ್ಟಗ ಬರೂಹಂಗ ಮಾಡ್ತೀನಿ" ಎಂದು ಜಾಯ್‌ಸ್ಟಿಕ್ ತೆಗೆದಿಟ್ಟರು.

ಅದಕ್ಕೆ ಮೆಮೊರಿಯಲ್ಲಿ ಜಾಗ ಬೇಕಲ್ಲ. ಪ್ರೋಗ್ರಾಮಿನ ಶುರುವಿನ ಸಂಗೀತ ಕಿತ್ತರು, ತಮ್ಮ ಹೆಸರು ಕಿತ್ತರು. ತಪ್ಪಾದರೆ ಹಿಂದಕ್ಕೆ ಹೋಗುವ ಸೌಕರ್ಯಕ್ಕೆ ಇಡೀ ಚಿತ್ರದ ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಿತ್ತು, ಅದನ್ನೂ ಕಿತ್ತರು. ಹೊಸ ಟ್ಯಾಬ್ ತಂದುಕೊಡುತ್ತೇನೆ ಎಂದದ್ದಕ್ಕೆ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು.

ನಾನು ಮಲಾಡಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವವನು. ಹಾಗಾಗಿ ಪ್ರತಿ ಭಾನುವಾರ ನನ್ನನ್ನು ಕೂರಿಸಿ ಪರೀಕ್ಷೆ ಮಾಡಿಸುತ್ತಿದ್ದರು. ಮೊದಲ ಭಾನುವಾರವೇ, ನಾನು ಬೇಕೆಂದೇ ಕೈ ನಡುಗಿಸಿದರೂ, ಗೆರೆ ನೆಟ್ಟಗೆ ಬಂತು. ನಾನು ಸುಮ್ಮನಿರದೆ ಇಪ್ಪತ್ತೊಂದು ಚುಕ್ಕಿಯ ದೊಡ್ಡ ರಂಗೋಲಿ ಹಾಕಿದೆ. ಮೆಮೊರಿ ತುಂಬಿ ಕೊನೆಯ ಸಾಲು ಮಾಯವಾಯಿತು. ಹೇಳಿದೆ. ಅದನ್ನು ಸರಿಪಡಿಸಿದರೆ ಮುಂದಿನ ವಾರ ಮತ್ತೊಂದು ತಪ್ಪು. ಹೀಗೆ ಎಂಟು ತಿಂಗಳು. ಹುಡುಕಿ ಹುಡುಕಿ ಹೇಳುವುದರಲ್ಲಿ ನನಗೊಂದು ಜಂಬವೂ ಇತ್ತು, ಈಗ ನಾಚಿಕೆಯಾಗುತ್ತದೆ. ಆ ದಿನಗಳಲ್ಲಿ ಕಾಕು ನಮಗೆ ತರುತ್ತಿದ್ದ ಚಹಾ ಬರಬರುತ್ತಾ ಅರ್ಧ ಕಪ್ಪಿಗೆ ಇಳಿಯಿತು. ಆಮೇಲೆ ಕಾಕಾ ತಾವೇ ತರತೊಡಗಿದರು.

ಕೊನೆಗೂ ಒಂದೂ ತಪ್ಪಿಲ್ಲದ ದಿನ ಬಂತು. ಕಾಕಾ ಜಾಯ್‌ಸ್ಟಿಕ್ ಒರೆಸಿ ಹೆಂಡತಿಯ ಕೈಗೆ ಕೊಟ್ಟರು. ಬೆರಳುಗಳು ಅದನ್ನು ಹಿಡಿಯಲಿಲ್ಲ. ಎರಡು ಸಲ ತೊಡೆಯ ಮೇಲೆ ಬಿತ್ತು.

"ಇರ್ಲಿ ಬಿಡ್ರಿ. ನೀವ ಹಾಕ್ರಿ, ನಾ ನೋಡ್ತೀನಿ" ಎಂದರು ಕಾಕು.

ಕಾಕಾ ಹಾಕಲಿಲ್ಲ. ಟೀವಿ ಆರಿಸಿ ಅಲ್ಲೇ ಕೂತರು.

ಕಾಕುವಿನ ಆರೈಕೆಗೆಂದು ಇಬ್ಬರೂ ಧಾರವಾಡದಲ್ಲಿರುವ ಕಾಕಾರ ತಂಗಿಯ ಮನೆಗೆ ಹೊರಟ ದಿನ ಗೇಟಿನಲ್ಲಿ ಟ್ಯಾಕ್ಸಿ ನಿಂತಿತ್ತು. ಕಾಕುವನ್ನು ಒಳಗೆ ಕೂರಿಸಿ, ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು.

"ಖರೇ ಹೇಳು. ಮೊದಲನೇ ಸಲ ತೋರ್ಸಿದ್ನಲ್ಲ, ಅದರಾಗ ಆಕಿ ಹಾಕಬಹುದಿತ್ತೇನು?"

"ಇಲ್ಲ ಕಾಕಾ. ಅದು ಬರೋಬರಿ ಇರ್ಲಿಲ್ಲ" ಎಂದೆ.

ಅವರು ತಲೆಯಾಡಿಸಿ, ನನ್ನ ಹೆಗಲು ತಟ್ಟಿ ಟ್ಯಾಕ್ಸಿ ಹತ್ತಿದರು. ಕಾಕು ಎಂದೂ ಹದಿನೈದು ಚುಕ್ಕಿ ದಾಟಿದವರಲ್ಲ. ಆ ಮೊದಲ ಭಾನುವಾರವೇ ಅವರು ಹಾಕಬಹುದಿತ್ತು.