ಹೂಂ ಅನ್ನುವ ಕೆಲಸ

ಇವತ್ತು ಬೆಳಿಗ್ಗೆ ಒಂದು ರೊಟ್ಟಿ ಹೊತ್ತಿತು. ಸುಟ್ಟ ಜೋಳದ ವಾಸನೆ ವಾಡಿಯ ನಮ್ಮ ಅಡುಗೆಮನೆ ತುಂಬಿದಾಗ ನಾನು ನಕ್ಕುಬಿಟ್ಟೆ. ನಿಮಗೆ ವಿಚಿತ್ರ ಅನ್ನಿಸೀತು. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಕಂಪ್ಯೂಟರು.

ನನ್ನ ತಮ್ಮ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಶಹಾಬಾದಿನ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗಡಿ, ಸೇಡಂನ ಟ್ಯೂಷನ್ ಕ್ಲಾಸು, ಚಿತ್ತಾಪುರದ ತೊಗರಿಬೇಳೆ ಮಿಲ್ಲು, ಎಲ್ಲ ಅವನ ಗಿರಾಕಿಗಳೇ. ಸೈಟು ಕೆಟ್ಟು ನಿಂತರೆ ಈ ಕೆಲಸದ ಉಳಿದವರು ಇಂಟರ್ನೆಟ್ಟಿನಲ್ಲಿ ಉತ್ತರ ಹುಡುಕುತ್ತಾರಂತೆ. ಇವನು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಒಲೆಯ ಮುಂದೆ ಬರುತ್ತಿದ್ದ.

"ಅಕ್ಕಾ, ಏನಾಗ್ಯದ ಹೇಳ್ತೀನಿ ಕೇಳು. ನೀ ಬರೀ ಹೂಂ ಅನ್ನು."

"ನಂಗೇನ್ ತಿಳೀತದೋ?"

"ತಿಳೀಬಾರ್ದು. ತಿಳಿದ್ರ ನಡುವ ಬಾಯಿ ಹಾಕ್ತಿ."

ಹತ್ತನೇ ಇಯತ್ತೆಗೆ ಓದು ಬಿಟ್ಟವಳು ನಾನು. ಆದರೂ ಹೂಂ ಅನ್ನುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಗಿರಾಕಿ ಎಲ್ಲಿ ಒತ್ತಿದ, ಸರ್ವರ್ ಏನು ಉತ್ತರ ಕೊಟ್ಟಿತು, ಎಲ್ಲಾ ಮೊದಲಿನಿಂದ ಹೇಳುತ್ತಾ ಬಂದು ಅರ್ಧದಲ್ಲಿ ಬಾಯಿ ತೆರೆದು ನಿಲ್ಲುತ್ತಿದ್ದ. "ಥೂ! ಅದು ಎರರ್ ಏನಂತದ ಅಂತ ನಾ ಪೂರಾ ಓದೇ ಇಲ್ಲ!" ಎಂದು ಒಂದೇ ಓಟ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿರುತ್ತಿತ್ತು.

ಅವನ ಉಪದೇಶಗಳನ್ನು ನಾನೂ ಪಾಲಿಸಿ ನೋಡಿದ್ದೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಏನಾಯಿತೆಂದು ನೋಡಬೇಕು, ಆಮೇಲೆ ಮುಂದಿನದು ಅನ್ನುತ್ತಿದ್ದ. ಅದರಂತೆ ಪುಂಡಿಪಲ್ಯಕ್ಕೆ ಮೊದಲು ಉಪ್ಪು, ರುಚಿ. ಆಮೇಲೆ ಖಾರ, ಮತ್ತೆ ರುಚಿ. ತಮ್ಮನ ಹೆಂಡತಿ ಸವಿತಾ ಖಾಲಿ ತಾಟು ಬಡಿದು, "ಅಕ್ಕಾ, ಸರ್ವರ್ ಡೌನ್ ಆಗ್ಯದೇನ್ರಿ?" ಅಂದಿದ್ದಳು.

ಹೋದ ಚಳಿಗಾಲ ಅವನ ಹೃದಯ ನಿಂತಿತು. ಅದಕ್ಕೆ ಯಾವ ಹುಡುಕಾಟದಲ್ಲೂ ಉತ್ತರ ಸಿಗಲಿಲ್ಲ.

ಪಕ್ಕದಲ್ಲಿ ಕೂತು ಕೆಲಸ ಕಲಿತಿದ್ದ ಸವಿತಾ ಈಗ ಎಲ್ಲ ನಡೆಸುತ್ತಾಳೆ. ಅವನ ಫೋನು ಮಾತ್ರ ನನ್ನ ಹತ್ತಿರ ಉಳಿಯಿತು. ನಮ್ಮ ಸೈಟಿನಲ್ಲಿ ಅವನ ನಂಬರೇ ಇತ್ತಲ್ಲ, ಗುಂಡಗುರ್ತಿಯಿಂದಲೋ ಚಿಂಚೋಳಿಯಿಂದಲೋ ಯಾರಾದರೂ ಫೋನು ಮಾಡಿ, "ಅಣ್ಣಾರು ಅದಾರೇನ್ರಿ?" ಅನ್ನುತ್ತಿದ್ದರು. ಇಲ್ಲ ಅಂದು ಫೋನು ಇಟ್ಟುಬಿಡುತ್ತಿದ್ದೆ. ಆದರೂ ಇನ್ನೂ ಅವನನ್ನು ಕೇಳುವವರಿದ್ದಾರಲ್ಲ ಎಂದು ಹಿತವೂ ಆಗುತ್ತಿತ್ತು.

ಇವತ್ತು ಬೆಳಿಗ್ಗೆ ಸವಿತಾ ಮೆಲ್ಲಗೆ ಹೇಳಿದಳು, "ಸೈಟಿನಾಗ ನನ್ನ ನಂಬರ್ ಹಾಕ್ತೀನ್ರಿ ಅಕ್ಕಾ. ಅವರದಕ್ಕ ಮಾಡಿ, ಇಲ್ಲ ಅಂತ ಕೇಳಿ, ಗಿರಾಕಿ ಬ್ಯಾರೆ ಕಡೆ ಹೋಗ್ಲಿಕತ್ತಾರ."

"ಹಾಕವ್ವ," ಅಂದೆ. ಮನಸ್ಸು ಬೇಡ ಅಂದಿತು.

ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ಒಲೆಯ ಹತ್ತಿರ ಬಂದಳು. "ಬದಲಾಯಿಸೀನಿ, ಸೇವ್ ಮಾಡೀನಿ, ಆದ್ರೂ ಅವರ ನಂಬರೇ ಕಾಣ್ಲಿಕತ್ತದ. ಹೋಗವಲ್ದು!"

ಹೋಗುವುದಿಲ್ಲವಂತೆ! ನನಗೆ ಎಂಥ ಸಂತೋಷ ಅಂತೀರಿ, ಬಡಿಯುತ್ತಿದ್ದ ರೊಟ್ಟಿ ತಾನೇ ತಿರುಗಿತು. ಅವಳು ಮೊದಲಿನಿಂದ ಹೇಳತೊಡಗಿದಳು. ನಾನು ಹೂಂ ಅಂದೆ. ಇನ್ನೊಮ್ಮೆ ಹೇಳಿದಳು. ಆಗಲೂ ಹೂಂ. ಆದರೆ ಈ ರೋಗ ನನಗೆ ಗೊತ್ತಿತ್ತು. ಎಷ್ಟು ಸಲ ನನ್ನ ತಮ್ಮ ಇದೇ ಒಲೆಯ ಮುಂದೆ ಹಣೆ ಬಡಿದುಕೊಂಡಿಲ್ಲ! ಒಮ್ಮೆ ನೋಡಿದ ಪುಟವನ್ನು ಕಂಪ್ಯೂಟರು ತನ್ನ ಹತ್ತಿರ ಇಟ್ಟುಕೊಂಡು ಅದನ್ನೇ ತೋರಿಸುತ್ತದೆ. ಅಷ್ಟು ಬಲ್ಲವನಾಗಿ ಅವನೂ ಪ್ರತಿ ಸಲ ಮರೆಯುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. ಸವಿತಾಳ ಕಣ್ಣು ತುಂಬುತ್ತಿತ್ತು. ಆಗ ಹೊತ್ತಿದ್ದು ಆ ರೊಟ್ಟಿ, ಆಗ ಬಂದದ್ದು ಆ ನಗು.

"ಅದು ಹಳೇದು ಸವಿತಾ. ಇಟ್ಕೊಂಡಿದ್ದು ತೋರಸ್ಲಿಕತ್ತದ. ಕಂಟ್ರೋಲ್ ಹಿಡಿದು ಎಫ್ ಐದು ಒತ್ತು."

"ಅಯ್ಯ ಅಕ್ಕಾ, ನಡುವ ಬಾಯಿ ಹಾಕಿದ್ರಲ್ರಿ!"

ಒತ್ತಿದಳು. ಅವನ ನಂಬರು ಹೋಯಿತು, ಅವಳದು ಬಂತು. ಆಮೇಲೆ ಯಾರು ಮೊದಲು ನಕ್ಕರೋ, ಹೊಟ್ಟೆ ಹಿಡಿದು ನೆಲಕ್ಕೆ ಕೂತೆವು.

ಮಧ್ಯಾಹ್ನ ಅವಳ ಫೋನು ರಿಂಗಾಯಿತು. ಚಿತ್ತಾಪುರದ ಮಿಲ್ಲಿನವರು. ಗಾಬರಿಯಲ್ಲಿ ಸ್ಪೀಕರ್ ಹಾಕಿದಳು.

"ತಂಗೀ, ನಿಮ್ಮ ಸೈಟಿನಾಗ ಅಣ್ಣಾರ ನಂಬರ್ ಹೋಗಿ ಬ್ಯಾರೇದು ಬಂದದ. ಏನರ ಕೆಟ್ಟದೇನು?"

ಸವಿತಾ ನನ್ನ ಮುಖ ನೋಡಿದಳು. ನಾನೇ ಫೋನಿನ ಹತ್ತಿರ ಬಗ್ಗಿ ಅಂದೆ,

"ಇಲ್ರಿ ಕಾಕಾ, ಈಗ ಸರಿ ಆಗ್ಯದ. ನಿಮ್ದೇನಾಗ್ಯದ, ಮೊದಲಿಂದ ಹೇಳ್ರಿ."